ಸಾರಾಂಶ ನನಗೆ ಗೊತ್ತಿದೆ, ನಿಮ್ಮ ಮಾತು ಹೇಳಿ: ಸಣ್ಣಕಥೆಗಳ ಬಗ್ಗೆ ವಿಮರ್ಶಾ ಪ್ರಬಂಧ ಬರೆಯುವುದು ಹೇಗೆ

ಪ್ರಬಂಧದ ಮೊದಲ ಸಾಲಿನಲ್ಲೇ 'ಕನ್ನಡ ಸಾಹಿತ್ಯ ಲೋಕದಲ್ಲಿ ತಮ್ಮದೇ ಆದ ಛಾಪು ಮೂಡಿಸಿದ' ಎಂಬ ಮಾತು ಕಂಡರೆ ನನ್ನ ಕೆಂಪು ಪೆನ್ನು ತಾನಾಗಿಯೇ ಮೇಲೇಳುತ್ತದೆ. ಪದವಿ ತರಗತಿಗಳಿಗೆ ಐಚ್ಛಿಕ ಕನ್ನಡ ಪಾಠ ಮಾಡುವವಳು ನಾನು. ಪ್ರತಿ ಸೆಮಿಸ್ಟರಿನಲ್ಲೂ ಆಂತರಿಕ ಅಂಕಗಳಿಗಾಗಿ ಬರೆದ ಪ್ರಬಂಧಗಳ ಕಟ್ಟು ಮೇಜಿನ ಮೇಲೆ ಬಂದು ಬೀಳುತ್ತದೆ. ಛಾಪು ಮೂಡಿಸಿ ಆದ ಮೇಲೆ ಲೇಖಕರ ಹುಟ್ಟೂರು, ತಂದೆತಾಯಿಯ ಹೆಸರು, ಪ್ರಶಸ್ತಿಗಳ ಪಟ್ಟಿ. ನಂತರ ಮೂರು ಪುಟ ಕಥೆಯ ಸಾರಾಂಶ. ಕೊನೆಯಲ್ಲಿ 'ಹೀಗೆ ಈ ಕಥೆಯು ಹೃದಯಸ್ಪರ್ಶಿಯಾಗಿ ಮೂಡಿಬಂದಿದೆ'. ಮೇಲೆ ಬರೆದ ಹೆಸರನ್ನು ಮುಚ್ಚಿಟ್ಟರೆ ಯಾರದ್ದು ಯಾವುದು ಎಂದು ಹೇಳಲು ಸಾಧ್ಯವೇ ಇಲ್ಲ.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಹೈಸ್ಕೂಲಿನಿಂದ ನಾವು ಅಭ್ಯಾಸ ಮಾಡಿಸಿದ್ದೇ ಇದು: ಆಯ್ಕೆ, ಸಂದರ್ಭ, ಸ್ವಾರಸ್ಯ. ಆಯ್ಕೆಗೆ ಎರಡು ಸಾಲು, ಸಂದರ್ಭಕ್ಕೆ ಹತ್ತು ಸಾಲು, ಸ್ವಾರಸ್ಯಕ್ಕೆ ಜಾಗ ಉಳಿದರೆ ಒಂದು ಸಾಲು. ವಿಮರ್ಶಾ ಪ್ರಬಂಧದಲ್ಲಿ ಈ ಲೆಕ್ಕ ತಲೆಕೆಳಗಾಗಬೇಕು. ಕಥೆಯಲ್ಲಿ ಏನಾಯಿತು ಎಂಬುದು ಓದುವ ಅಧ್ಯಾಪಕರಿಗೆ ಗೊತ್ತು. ಅದನ್ನು ಹಾಗೆಯೇ ಹೇಳಿದ್ದರಿಂದ ಏನಾಯಿತು ಎಂಬುದರ ಬಗ್ಗೆ ನಿಮಗೇನು ಕಂಡಿತು? ನನಗೆ ಬೇಕಾದದ್ದು ಅಷ್ಟೇ.

ಬರಿಯ ಉಪದೇಶದಿಂದ ಏನೂ ಕಾಣಿಸದು. ಎರಡು ಕಥೆಗಳನ್ನು ಮುಂದಿಟ್ಟುಕೊಂಡೇ ಮಾತಾಡುತ್ತೇನೆ. ಒಂದು, ಮಾಸ್ತಿಯವರ 'ರಂಗನ ಮದುವೆ'. ಇನ್ನೊಂದು, ಆನಂದ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಜ್ಜಂಪುರ ಸೀತಾರಾಂ ಅವರ 'ನಾನು ಕೊಂದ ಹುಡುಗಿ'. ಎರಡನ್ನೂ ಓದಿರದಿದ್ದರೆ ಮೊದಲು ಓದಿಕೊಂಡು ಬನ್ನಿ. ಒಂದು ಸಂಜೆಯ ಕೆಲಸ. ಗೈಡಿನಲ್ಲಿರುವ ಸಾರಾಂಶ ಓದಿದರೆ ಸಾಲದು, ಏಕೆ ಸಾಲದು ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ಓದಿನಲ್ಲಿ ಕೈಯಲ್ಲಿ ಏನೂ ಬೇಡ. ಕಥೆಯನ್ನು ಕಥೆಯಾಗಿಯೇ ಓದಿ, ನಗು ಬಂದರೆ ನಗಿ. ಎರಡನೆಯ ಓದಿಗೆ ಪೆನ್ಸಿಲ್ ಹಿಡಿಯಿರಿ. 'ಮುಖ್ಯ' ಅನ್ನಿಸಿದ ಸಾಲುಗಳಿಗೆ ಗೆರೆ ಎಳೆಯುತ್ತಾ ಹೋದರೆ ಪುಟವೆಲ್ಲ ಗೆರೆಯಾಗುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ನೀವು ಎಡವಿದ ಕಡೆ ಮಾತ್ರ ಗುರುತು ಹಾಕಿ. ಯಾಕೆ ಇಲ್ಲಿ ಹೀಗೆ ಹೇಳಿದ, ಈ ವಿವರ ಇಲ್ಲಿ ಯಾಕೆ ಬಂತು, ಇವಳು ಯಾಕೆ ಮಾತಾಡಲಿಲ್ಲ ಎಂದು ಒಂದು ಕ್ಷಣ ನಿಂತಿರಲ್ಲ, ಆ ಜಾಗಗಳಲ್ಲಿ. ವಯಸ್ಸು, ದುಡ್ಡು, ಜಾತಿ, ಊಟ, ಬಟ್ಟೆ ಬಂದ ಕಡೆ ತುಸು ಹೆಚ್ಚು ಹೊತ್ತು ನಿಲ್ಲಿ. ಒಳ್ಳೆಯ ಕಥೆಗಾರರು ದೊಡ್ಡ ಮಾತನ್ನು ಬಚ್ಚಿಡುವುದು ಇಂಥ ಸಣ್ಣ ವಿವರಗಳಲ್ಲಿ.

'ರಂಗನ ಮದುವೆ'ಯಲ್ಲಿ ನನ್ನ ವಿದ್ಯಾರ್ಥಿಗಳೆಲ್ಲ ಓದಿ ಮುಂದೆ ಹೋಗಿಬಿಡುವ ಒಂದು ವಿವರವಿದೆ: ರತ್ನಳಿಗೆ 11 ವರ್ಷ. ಕಥೆ ಗೊತ್ತಲ್ಲ, ಹೊಸಹಳ್ಳಿಯ ಶಾನುಭೋಗರ ಮಗ ರಂಗ ಬೆಂಗಳೂರಿನಲ್ಲಿ ಓದಿ ಊರಿಗೆ ಬರುತ್ತಾನೆ. ಮದುವೆಯ ಮಾತೆತ್ತಿದರೆ, ಹುಡುಗಿ ದೊಡ್ಡವಳಾಗಿರಬೇಕು, ತಾನು ಮೆಚ್ಚಿದವಳಾಗಿರಬೇಕು ಎನ್ನುತ್ತಾನೆ. ನಿರೂಪಕ ಶ್ಯಾಮ ಉಪಾಯ ಹೂಡಿ, ಜ್ಯೋತಿಷ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು, ರಾಮರಾಯರ ಸೋದರ ಸಂಬಂಧದ ಈ ಹುಡುಗಿಯನ್ನು ಅವನಿಗೆ ಗಂಟುಹಾಕುತ್ತಾನೆ. ಎಲ್ಲರೂ ನಗುತ್ತಾರೆ, ನಾವೂ ನಗುತ್ತೇವೆ. ಬೆಂಗಳೂರಿನ ಓದು ಕಲಿಸಿದ ಮಾತು ಒಂದು ಹಾಡಿನ ಮುಂದೆ ಕರಗಿಹೋಯಿತು, ಹುಡುಗಿಗೆ 11 ವರ್ಷ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡವರಿಗೆ ಪ್ರಬಂಧ ಸಿಕ್ಕಿತು.

ಹಾಡಿನ ಪ್ರಸಂಗವನ್ನು ತೀರ ಹತ್ತಿರದಿಂದ ನೋಡೋಣ. ಶ್ಯಾಮ ರತ್ನಳನ್ನು ನೆಪ ಹೇಳಿ ಮನೆಗೆ ಕರೆಸಿ, ಹಾಡಲು ಹೇಳಿ, ಅದೇ ಹೊತ್ತಿಗೆ ರಂಗನಿಗೂ ಹೇಳಿಕಳಿಸಿದ್ದಾನೆ. ರಂಗ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ. ಹಾಡು ನಿಲ್ಲಬಾರದು, ಹಾಡುವವರು ಯಾರೆಂದು ನೋಡಲೂ ಬೇಕು. ಇಣುಕುತ್ತಾನೆ. ಬಾಗಿಲಿಗೆ ಅಡ್ಡವಾದದ್ದರಿಂದ ಒಳಗೆ ಬೀಳುತ್ತಿದ್ದ ಬೆಳಕು ಮರೆಯಾಗುತ್ತದೆ. ರತ್ನ ತಲೆಯೆತ್ತಿ, ಗುರುತಿಲ್ಲದ ಗಂಡಸನ್ನು ಕಂಡು, ತಟ್ಟನೆ ಹಾಡು ನಿಲ್ಲಿಸುತ್ತಾಳೆ.

ಇಲ್ಲಿ ಶ್ಯಾಮ ಏನು ಮಾಡುತ್ತಾನೆ? ರತ್ನಳಿಗೆ ಏನನ್ನಿಸಿತು ಎಂದು ಹೇಳುವುದಿಲ್ಲ. ನಮ್ಮ ಕಡೆ ತಿರುಗಿ, ಒಳ್ಳೆಯ ಮಾವಿನ ಹಣ್ಣನ್ನು ಕೊಂಡು ನಿಧಾನವಾಗಿ ಸವಿಯುತ್ತಿರುವಾಗ ಅದು ಕೈಜಾರಿ ನೆಲಕ್ಕೆ ಬಿದ್ದರೆ ಹೇಗಿರುತ್ತದೆ ಎಂದು ಕೇಳುತ್ತಾನೆ. ಅಂದರೆ ನಷ್ಟವಾದದ್ದು ಕೇಳುವವನಿಗೆ. ಬೆದರಿದ ಹುಡುಗಿ ಆ ವಾಕ್ಯದಲ್ಲಿ ಎಲ್ಲೂ ಇಲ್ಲ, ಹಣ್ಣು ಮಾತ್ರ ಇದೆ. ಈಗ ಪುಟಗಳನ್ನು ಹಿಂದಕ್ಕೆ ತಿರುವಿ. ಕಥೆಯ ಆರಂಭದಲ್ಲೇ ಊರಿನ ಹುಳಿ ಮಾವಿನ ಬಣ್ಣನೆ ಇದೆ. ಮೈಸೂರಿಗೆ ಹೊಸಹಳ್ಳಿ ಎಂದರೆ ಕರಿಗಡುಬಿಗೆ ಹೂರಣ ಇದ್ದ ಹಾಗೆ ಎಂಬ ಜಂಬವಿದೆ. ಮುಂದಕ್ಕೆ ತಿರುವಿದರೆ, ರತ್ನಳಿಗೆ ಆಗಲೇ ಮದುವೆಯಾಗಿದೆ ಎಂದು ಶ್ಯಾಮ ಸುಳ್ಳು ಹೇಳಿದಾಗ ರಂಗನ ಮುಖ ಸುಟ್ಟ ಬದನೆಕಾಯಿಯಾಗುತ್ತದೆ. ಹೋಲಿಕೆ ಬೇಕಾದಾಗಲೆಲ್ಲ ಈ ಮನುಷ್ಯನ ಕೈ ಊಟದ ಎಲೆಯ ಕಡೆಗೇ ಹೋಗುತ್ತದೆ.

ಸಾರಾಂಶದಲ್ಲಿ ಮಾವಿನ ಹಣ್ಣೂ ಇರುವುದಿಲ್ಲ, ಬದನೆಕಾಯಿಯೂ ಇರುವುದಿಲ್ಲ. ಗೈಡು ಓದಿದರೆ ಸಾಲದು ಎಂದದ್ದು ಇದಕ್ಕೇ.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುವ ಪ್ರಶ್ನೆ: "ಮೇಡಂ, ಲೇಖಕರು ಇಷ್ಟೆಲ್ಲ ಯೋಚಿಸಿ ಬರೆದಿರುತ್ತಾರೆಯೇ?" ಯೋಚಿಸಿದ್ದರೋ ಇಲ್ಲವೋ, ಪುಟದ ಮೇಲೆ ಇದೆಯೋ ಇಲ್ಲವೋ ನೋಡಿ. ಇದ್ದರೆ ಅದರ ಬಗ್ಗೆ ಬರೆಯಲು ನಿಮಗೆ ಹಕ್ಕಿದೆ. ಒಂದೇ ಸಲ ಬಂದರೆ ಆಕಸ್ಮಿಕ ಎನ್ನಬಹುದು. ಮೂರು ನಾಲ್ಕು ಸಲ ಬಂದರೆ ಆಕಸ್ಮಿಕ ಎನ್ನುವವರೇ ಸಾಕ್ಷಿ ಒದಗಿಸಬೇಕು. ಇದರ ಜೊತೆಗೇ ಇನ್ನೊಂದು ಮಾತು. ಶ್ಯಾಮ ಎಂದರೆ ಮಾಸ್ತಿ ಅಲ್ಲ. ಕಥೆ 1910ರ ಸುಮಾರಿನದು, ಮಾಸ್ತಿ ಹುಟ್ಟಿದ್ದು 1891ರಲ್ಲಿ, ಆಗ ಅವರಿಗೆ ಇಪ್ಪತ್ತರ ಆಸುಪಾಸು. ಶ್ಯಾಮನೋ, ಕಾಲಿಗೆರಗಿದ ರಂಗನಿಗೆ ಬೇಗ ಮದುವೆಯಾಗಲಿ ಎಂದು ಹರಸುವ ಊರ ಹಿರಿಯ. ತಮಗಿಂತ ಹಿರಿಯನ ದನಿಯನ್ನು ಆ ತರುಣ ಲೇಖಕರು ಕಟ್ಟಿ ನಿಲ್ಲಿಸಿದ್ದಾರೆ. ಹಾಗಾಗಿ 'ಮಾಸ್ತಿಯವರು ಇಲ್ಲಿ ಹೇಳುತ್ತಾರೆ' ಎಂದು ಬರೆಯುವ ಮುನ್ನ ಹೇಳುತ್ತಿರುವವರು ಯಾರು ಎಂದು ನೋಡಿಕೊಳ್ಳಿ. ಹೆಚ್ಚಿನ ಕಡೆ 'ಶ್ಯಾಮ ಹೇಳುತ್ತಾನೆ' ಎಂದೇ ಬರೆಯಬೇಕಾಗುತ್ತದೆ. ಈ ಒಂದು ಬದಲಾವಣೆಯಿಂದಲೇ ಪ್ರಬಂಧದ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಈಗ ನಿಮ್ಮ ವಾದವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಒಂದೇ ವಾಕ್ಯ. ಅದು ಸರಿಯಾಗಿದೆಯೇ ಎಂದು ತಿಳಿಯಲು ನಾನು ಹೇಳಿಕೊಡುವ ಪರೀಕ್ಷೆ ಸುಲಭದ್ದು: ಪಕ್ಕದ ಬೆಂಚಿನವರಿಗೆ ಓದಿ ಹೇಳಿ. ಅವರು "ಹೌದು, ಅದಕ್ಕೇನೀಗ?" ಎಂದರೆ ಅದು ವಾದವಲ್ಲ. "ಛೆ, ಹಾಗೇನಿಲ್ಲ" ಎಂದು ಜಗಳಕ್ಕೆ ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. 'ರಂಗನ ಮದುವೆ ಹಳ್ಳಿಯ ಬದುಕನ್ನು ಹಾಸ್ಯಮಯವಾಗಿ ಚಿತ್ರಿಸುತ್ತದೆ' ಎಂಬುದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. 'ಶ್ಯಾಮನ ರಸಿಕತನದ ಮಾತು ಹನ್ನೊಂದರ ಹುಡುಗಿಯ ಮದುವೆಯನ್ನು ಓದುಗರಿಗೆ ತಿನಿಸಿನ ಹಾಗೆ ಬಡಿಸುತ್ತದೆ, ನಾವು ರುಚಿಯಾಗಿದೆ ಎಂದು ಉಣ್ಣುತ್ತೇವೆ' ಎನ್ನಿ, ಜಗಳ ಖಂಡಿತ.

ಎರಡು ಕಥೆಗಳ ಬಗ್ಗೆ ಬರೆಯಲು ಹೇಳಿದಾಗ ಬರುವ ತೊಂದರೆ ಬೇರೆ. ಮೊದಲರ್ಧ ಒಂದು ಕಥೆ, ಉಳಿದರ್ಧ ಇನ್ನೊಂದು, ಕೊನೆಯ ಪ್ಯಾರಾದಲ್ಲಿ 'ಎರಡು ಕಥೆಗಳಲ್ಲೂ ಸಾಮ್ಯ ವ್ಯತ್ಯಾಸಗಳಿವೆ'. ಸಾಮ್ಯ ವ್ಯತ್ಯಾಸಗಳು ಇಲ್ಲದ ಎರಡು ವಸ್ತುಗಳು ಲೋಕದಲ್ಲಿ ಎಲ್ಲಿವೆ ಹೇಳಿ. ಎರಡು ಕಥೆಗಳಿಗೂ ಒಂದೇ ಪ್ರಶ್ನೆ ಹಾಕಿ, ಉತ್ತರ ಬೇರೆ ಬೇರೆಯಾಗುವ ಹಾಗಿರಬೇಕು.

'ನಾನು ಕೊಂದ ಹುಡುಗಿ'ಯಲ್ಲಿಯೂ 'ನಾನು' ಎನ್ನುವ ಗಂಡಸೇ ಕಥೆ ಹೇಳುತ್ತಾನೆ. ಪ್ರವಾಸಕ್ಕೆಂದು ಬಂದ ವಿದ್ಯಾವಂತ, ನಾಗವಳ್ಳಿಯ ಕರಿಗೌಡರ ಮನೆಯಲ್ಲಿ ಇಳಿದುಕೊಂಡಿದ್ದಾನೆ. ಗೌಡರ ಮಗಳು ಚೆನ್ನಮ್ಮ ದೇವರಿಗೆ ಬಸವಿ ಬಿಟ್ಟ, ಅಂದರೆ ದೇವದಾಸಿಯಾಗಿ ಒಪ್ಪಿಸಿದ ಹುಡುಗಿ. ರಾತ್ರಿ ಅವನ ಕೋಣೆಗೆ ಬರುತ್ತಾಳೆ. ಅವನು ಮುಟ್ಟುವುದಿಲ್ಲ, ಬುದ್ಧಿ ಹೇಳುತ್ತಾನೆ. ಇಂಥ ಬಾಳು ಎಷ್ಟು ಹೀನವೆಂದು ತಿಳಿಸಿಕೊಡುತ್ತಾನೆ. ಅವಳಿಗೆ ತಿಳಿಯುತ್ತದೆ. ಬೆಳಗಾದರೆ ಹೆಣ ಬಾವಿಯಲ್ಲಿ. ರಂಗ ಸುಧಾರಣೆಯ ಮಾತನ್ನು ಕೈಬಿಟ್ಟು ಮದುವೆಯಾದ, ಇಲ್ಲಿಯವನು ಸುಧಾರಣೆಯ ಮಾತನ್ನು ಬಿಡದೆ ಆಡಿದ. ಮೊದಲನೆಯದು ನಗೆಯ ಕಥೆ, ಎರಡನೆಯದು ಸಾವಿನ ಕಥೆ. ಹೀಗೆ ಎದುರುಬದುರು ನಿಲ್ಲಿಸಿದಾಗ ಕೇಳಬಹುದಾದ ಪ್ರಶ್ನೆ: ಹುಡುಗಿಯ ಬಾಳಿನ ಬಗ್ಗೆ ತನಗೆ ಗೊತ್ತಿದೆ ಎನ್ನುವ ಗಂಡಸಿನ ದನಿಯನ್ನು ಈ ಕಥೆಗಳು ಎಷ್ಟರಮಟ್ಟಿಗೆ ನಂಬುತ್ತವೆ? ರತ್ನ ಮಾತಾಡುವುದೇ ಕಡಿಮೆ, ಚೆನ್ನಮ್ಮ ಮಾತಾಡುತ್ತಾಳೆ. ಆದರೂ ಇಬ್ಬರೂ ನಮಗೆ ಸಿಗುವುದು ಆ ಗಂಡಸರು ಹೇಳಿದಷ್ಟೇ. ಶ್ಯಾಮ ತನ್ನ ಕೈವಾಡವನ್ನು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಾನೆ. ಎರಡನೆಯ ನಿರೂಪಕ ತಪ್ಪೊಪ್ಪಿಗೆಯನ್ನು ಶೀರ್ಷಿಕೆಯಲ್ಲೇ ಇಡುತ್ತಾನೆ. ಆದರೆ ಆ ತಪ್ಪೊಪ್ಪಿಗೆಯಲ್ಲೂ ಮೊದಲು ನಿಲ್ಲುವುದು 'ನಾನು', ಹುಡುಗಿ ಕೊನೆಗೆ. ಅವಳ ಸಾವಿನ ಕರ್ತೃತ್ವವನ್ನೂ ಅವನೇ ತೆಗೆದುಕೊಂಡನೇ, ಅಥವಾ ಕಥೆ ಅವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದೆಯೇ? ನನ್ನ ಒಲವು ಎರಡನೆಯದರ ಕಡೆಗೆ. ನೀವು ಮೊದಲನೆಯದನ್ನು ಹಿಡಿದರೂ ಅಂಕ ಕತ್ತರಿಸುವುದಿಲ್ಲ, ಪಠ್ಯದಿಂದ ತೋರಿಸಿಕೊಟ್ಟರೆ ಆಯಿತು.

ಪ್ರಶ್ನೆ ಸಿಕ್ಕ ಮೇಲೆ ಪ್ಯಾರಾಗಳು ಹೇಗಿರಬೇಕು? ಪ್ರತಿ ಪ್ಯಾರಾದಲ್ಲಿ ಒಂದು ಮಾತು, ಅದಕ್ಕೆ ಕಥೆಯಿಂದ ಒಂದು ತುಣುಕು, ಆ ತುಣುಕನ್ನು ಬಿಡಿಸಿ ನೋಡಿದ ನಾಲ್ಕಾರು ವಾಕ್ಯ. ಬಿಡಿಸಿ ನೋಡುವ ಭಾಗವೇ ಅತ್ಯಂತ ಉದ್ದವಾಗಿರಬೇಕು. ಮೇಲೆ ಹೇಳಿದ ಪ್ರಸಂಗವನ್ನೇ ಪ್ರಬಂಧದಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ:

'ಶ್ಯಾಮನ ನಿರೂಪಣೆ ರತ್ನಳನ್ನು ಸವಿಯುವ ವಸ್ತುವಾಗಿ ಮಾರ್ಪಡಿಸುವುದು ಆಕೆ ಹಾಡು ನಿಲ್ಲಿಸುವ ಗಳಿಗೆಯಲ್ಲಿ. ಬೆಳಕಿಗೆ ಅಡ್ಡ ಬಂದ ರಂಗನನ್ನು ಕಂಡು ಆಕೆ ಮೌನವಾಗುತ್ತಾಳೆ. ಆ ಮೌನವನ್ನು ವಿವರಿಸಬೇಕಾದ ಕಡೆ ಶ್ಯಾಮ ಕೈಜಾರಿದ ಮಾವಿನ ಹಣ್ಣಿನ ಹೋಲಿಕೆ ತಂದು, ಓದುಗರನ್ನೇ ಹಣ್ಣು ಕಳೆದುಕೊಂಡವರ ಜಾಗದಲ್ಲಿ ನಿಲ್ಲಿಸುತ್ತಾನೆ. ಈ ಹೋಲಿಕೆಯನ್ನು ಒಪ್ಪಿಕೊಂಡ ಕೂಡಲೇ ನಾವು ರಂಗನ ಪಕ್ಷ ಸೇರಿರುತ್ತೇವೆ. ರತ್ನ ಬೆದರಿದಳೇ, ನಾಚಿದಳೇ, ಸಿಟ್ಟಾದಳೇ ಎಂಬ ಪ್ರಶ್ನೆ ಏಳುವುದಕ್ಕೂ ಅವಕಾಶವಿರುವುದಿಲ್ಲ.'

ಇದರಲ್ಲಿ 'ಅದ್ಭುತ', 'ಮನೋಜ್ಞ', 'ಸಹಜ ಸುಂದರ' ಎಂಬ ಮಾತುಗಳು ಇಲ್ಲ ನೋಡಿ. ಅವು ಹೊಗಳಿಕೆ, ವಿಶ್ಲೇಷಣೆ ಅಲ್ಲ. 'ಎಂದು ಹೇಳಬಹುದಾಗಿದೆ', 'ಕಂಡುಬರುತ್ತದೆ' ಎಂಬ ಕರ್ಮಣಿಯ ಮರೆಗೂ ಓಡಬೇಡಿ. ಕಂಡುಬಂದದ್ದು ಯಾರಿಗೆ? ನಿಮಗೆ ತಾನೇ? ಹಾಗಿದ್ದರೆ ನೇರವಾಗಿ ಹೇಳಿ. ಕಥೆಯ ಮಾತನ್ನು ಉದ್ಧರಿಸುವಾಗ ಅರ್ಧ ಪುಟ ಎತ್ತಿ ಇಳಿಸಬೇಡಿ. ನೀವು ಚರ್ಚಿಸಲಿರುವ ನಾಲ್ಕು ಪದ, ಹೆಚ್ಚೆಂದರೆ ಒಂದು ವಾಕ್ಯ, ಅಕ್ಷರ ತಪ್ಪದೆ, ನಿಮ್ಮ ಕೈಯಲ್ಲಿರುವ ಮುದ್ರಣದ ಪುಟಸಂಖ್ಯೆಯೊಂದಿಗೆ. ಮಾಸ್ತಿಯವರ ಕಾಗುಣಿತವನ್ನು ತಿದ್ದುವ ಕೆಲಸ ನಿಮ್ಮದಲ್ಲ.

ನಿಮ್ಮ ವಾದಕ್ಕೆ ಎದುರಾಗುವ ಸಾಕ್ಷ್ಯವೂ ಕಥೆಯಲ್ಲೇ ಇರುತ್ತದೆ. ಅದನ್ನು ಮುಚ್ಚಿಡುವವರೇ ಹೆಚ್ಚು. ಮುಚ್ಚಿಟ್ಟದ್ದು ಅಧ್ಯಾಪಕರ ಕಣ್ಣಿಗೆ ಮೊದಲು ಬೀಳುತ್ತದೆ. ಶ್ಯಾಮ ತನ್ನ ಯಾವ ಉಪಾಯವನ್ನೂ ನಮ್ಮಿಂದ ಮರೆಮಾಚುವುದಿಲ್ಲವಲ್ಲ? ಶಾಸ್ತ್ರಿಗಳಿಗೆ ಹೇಳಿಕೊಟ್ಟದ್ದನ್ನು ತಾನೇ ಹೇಳುತ್ತಾನಲ್ಲ? ಕೊನೆಗೆ ರಂಗ ರತ್ನರು ಸುಖವಾಗಿದ್ದಾರೆ, ಮಗನಿಗೆ ಶ್ಯಾಮ ಎಂದೇ ಹೆಸರಿಟ್ಟಿದ್ದಾರೆ. ಹಾಗಿರುವಾಗ ನಿರೂಪಕ ನಮ್ಮನ್ನು ವಂಚಿಸಿದ ಎನ್ನುವುದು ಹೇಗೆ? ಈ ಆಕ್ಷೇಪವನ್ನು ನೀವೇ ಎತ್ತಿ, ಉತ್ತರ ಕೊಡಿ. ನನಗೆ ತೋಚುವ ಉತ್ತರ: ಶ್ಯಾಮ ರಂಗನಿಗೆ ಹೂಡಿದ ಉಪಾಯವನ್ನು ಮಾತ್ರ ಬಿಚ್ಚಿಡುತ್ತಾನೆ. ಓದುಗರ ಮೇಲೆ ಹೂಡಿದ ಉಪಾಯ ಹೋಲಿಕೆಗಳ ಒಳಗೆ ಹಾಗೆಯೇ ಉಳಿಯುತ್ತದೆ. ಈ ಪ್ಯಾರಾ ಇರುವ ಪ್ರಬಂಧಕ್ಕೆ ನಾನು ಕಣ್ಣುಮುಚ್ಚಿ ಎರಡು ಅಂಕ ಜಾಸ್ತಿ ಕೊಡುತ್ತೇನೆ.

ಇತಿಹಾಸದ ಮಾಹಿತಿ ಎಷ್ಟು ಬೇಕು? ವಾದಕ್ಕೆ ಬೇಕಾದಷ್ಟು. 'ಆ ಕಾಲದಲ್ಲಿ ಬಾಲ್ಯವಿವಾಹ ಇತ್ತು' ಎಂಬ ತೇಲಿಕೆಯ ಮಾತಿಗಿಂತ ಒಂದು ಖಚಿತ ಸಂಗತಿ ಮೇಲು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಶಿಶುವಿವಾಹ ತಡೆಯುವ ಕಾನೂನು ಬಂದಿತ್ತು, ಆದರೆ ಅದು ತಡೆದದ್ದು 8 ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಹುಡುಗಿಗೆ 14 ಆಗಿರಬೇಕು ಎಂದ ಶಾರದಾ ಕಾಯ್ದೆ 1929ರದು. ಅಂದರೆ ರತ್ನಳ ಮದುವೆ ಕಾನೂನಿಗೆ ವಿರುದ್ಧವಾದದ್ದಲ್ಲ. ಆದರೂ ಕಥೆಯ ಒಳಗೇ ರಂಗನ ಬಾಯಲ್ಲಿ ಅದಕ್ಕೆ ವಿರೋಧದ ಮಾತಿದೆ. 'ಅಂದಿನವರಿಗೆ ಅದು ತಪ್ಪೆಂದು ಗೊತ್ತೇ ಇರಲಿಲ್ಲ' ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ. ಇಂಥ ಎರಡು ಮೂರು ವಾಕ್ಯ ಸಾಕು. ದೇವದಾಸಿ ಪದ್ಧತಿಯ ಚರಿತ್ರೆಯನ್ನು ಎರಡು ಪುಟ ಬರೆದು, ಕರ್ನಾಟಕದ 1982ರ ನಿಷೇಧ ಕಾಯ್ದೆಯವರೆಗೆ ಬಂದು, ಚೆನ್ನಮ್ಮನಿಗೆ ನಾಲ್ಕು ಸಾಲು ಉಳಿಸುವವರನ್ನು ಕಂಡಿದ್ದೇನೆ. ಅದು ಸಮಾಜಶಾಸ್ತ್ರದ ಉತ್ತರಪತ್ರಿಕೆ.

ವಿಮರ್ಶಕರನ್ನು ಓದಿ, ಆದರೆ ನಿಮ್ಮ ಒಂದು ವಾಕ್ಯ ಬರೆದಾದ ಮೇಲೆ. ಮೊದಲೇ ಓದಿದರೆ ಅವರ ಮಾತೇ ನಿಮ್ಮ ಮಾತು ಎನ್ನಿಸತೊಡಗುತ್ತದೆ. ಓದಿದ್ದನ್ನು ಬಳಸಿದರೆ ಹೆಸರು ಹೇಳಿ. ಒಪ್ಪದಿದ್ದರೆ ಒಪ್ಪಿಲ್ಲ ಎನ್ನಿ, ಹಿರಿಯರು ಎಂಬ ಸಂಕೋಚ ಬೇಡ. ಮೊಬೈಲಿನಲ್ಲಿ ಪ್ರಶ್ನೆ ಹಾಕಿ ಬಂದ ಉತ್ತರವನ್ನು ಇಳಿಸಿಕೊಳ್ಳುವವರಿಗೆ ಒಂದೇ ಮಾತು: ಬದನೆಕಾಯಿ ಯಾವ ಪುಟದಲ್ಲಿದೆ ಎಂದು ನಾನು ಕೇಳುತ್ತೇನೆ.

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಬರೆಯುತ್ತಾ ಬರೆಯುತ್ತಾ ವಾದ ಅಷ್ಟಿಷ್ಟು ಬದಲಾಗಿರುತ್ತದೆ, ಮೊದಲೇ ಬರೆದ ಪೀಠಿಕೆ ಬೇರೆ ಯಾವುದೋ ಪ್ರಬಂಧದ್ದಾಗಿ ಕಾಣುತ್ತದೆ. ಕಥೆಗಳ ಹೆಸರು, ಬರೆದವರು, ನಿಮ್ಮ ಪ್ರಶ್ನೆ, ನಿಮ್ಮ ವಾದ, ಇಷ್ಟು ಐದಾರು ವಾಕ್ಯಗಳಲ್ಲಿ ಮುಗಿಯಬೇಕು. ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದು 1983ರಲ್ಲಿ ಎಂಬುದು ರತ್ನಳ ಬಗ್ಗೆ ಏನನ್ನೂ ಹೇಳುವುದಿಲ್ಲ, ಬಿಡಿ. ಉಪಸಂಹಾರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವ ಬದಲು, ನಿಮ್ಮ ವಾದ ಎಲ್ಲಿ ತಡವರಿಸುತ್ತದೆ ಎಂಬುದನ್ನು ಒಂದು ಪ್ಯಾರಾದಲ್ಲಿ ಬರೆದು ನಿಲ್ಲಿಸಿ. ಶೀರ್ಷಿಕೆ 'ಒಂದು ಅಧ್ಯಯನ', 'ಒಂದು ಅವಲೋಕನ' ಎಂದಿರುವುದು ಬೇಡ. 'ಹಣ್ಣು ಮತ್ತು ಹುಡುಗಿ' ಎಂದರೂ ಸರಿಯೇ.

ಸಲ್ಲಿಸುವ ಹಿಂದಿನ ದಿನ ಇಡೀ ಪ್ರಬಂಧವನ್ನು ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯವನ್ನು ಎರಡಾಗಿ ಒಡೆಯಿರಿ. ನಾಲಿಗೆ ತೊಡರಿದ ಕಡೆ ಬಹುಶಃ ಅರ್ಥವೂ ತೊಡರಿದೆ. ಹೆಸರುಗಳನ್ನು ಕಥೆಯೊಂದಿಗೆ ತಾಳೆ ನೋಡಿ. ಬೆರಳಚ್ಚು ಮಾಡಿದ್ದರೆ ಯೂನಿಕೋಡಿನಲ್ಲಿರಲಿ. 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕಳಿಸಿದ ಕಡತ ನನ್ನ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಅನುಮಾನವಿದ್ದರೆ ಪಿಡಿಎಫ್ ಮಾಡಿ ಕಳಿಸಿ. ಕೈಬರಹವಾದರೆ ಎಡಗಡೆ ಅಂಚು ಬಿಡಿ, ನನಗೂ ಬರೆಯಲು ಜಾಗ ಬೇಕು.